ಕನ್ನಡಿ ಇದ್ದದ್ದೋ, ಇಲ್ಲದ್ದೋ?

ತೊಗರಿ ರಾಶಿ ಮುಗಿದು, ಚೀಲಗಳು ಮಾರುಕಟ್ಟೆಗೆ ಹೋಗಿ, ರೊಕ್ಕ ಕೈಗೆ ಬಂದ ಮೇಲೆ ರೈತನ ಮನೆಯಲ್ಲಿ ನಾಲ್ಕು ದಿನ ಒಂದು ಬಗೆಯ ಸಂತೆಯೇ ನಡೆಯುತ್ತದೆ. ಗೊಬ್ಬರದ ಅಂಗಡಿಯ ಬಾಕಿ ಒಂದು ಕಡೆ ಎಳೆದರೆ ಸೊಸೈಟಿಯ ಸಾಲ ಇನ್ನೊಂದು ಕಡೆ ಎಳೆಯುತ್ತದೆ. ಸಿಂದಗಿ ತಾಲ್ಲೂಕಿನ ಯಂಕಂಚಿಯ ಒಂದು ಮನೆಯಲ್ಲಿ ಈ ಸಲ ಆ ಸಂತೆಗೆ ಹೊಸದೊಂದು ಬೇಡಿಕೆ ಬಂದಿತು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿರುವ ಮಗಳು ರಜೆಗೆಂದು ಊರಿಗೆ ಬಂದವಳು, ರಾತ್ರಿ ಊಟ ಮುಗಿದ ಮೇಲೆ ಒಂದು ನೋಟ್‌ಬುಕ್ಕನ್ನು ತಂದು ಅಪ್ಪನ ಮುಂದಿಟ್ಟಳು. ಹಾಳೆಯ ನಡುವೆ ಉದ್ದಕ್ಕೆ ಗೆರೆ ಎಳೆದಿತ್ತು. ಎಡಗಡೆ ‘ಹೊಸದು’, ಬಲಗಡೆ ‘ಹಳೆಯದು’.

ಹೊಸದೆಂದರೆ ಮಿರರ್‌ಲೆಸ್ ಕ್ಯಾಮೆರಾ. ಹೆಸರೇ ಹೇಳುವಂತೆ ಒಳಗೆ ಕನ್ನಡಿ ಇಲ್ಲದ್ದು. ಹಳೆಯದೆಂದರೆ ಡಿಎಸ್‌ಎಲ್‌ಆರ್, ಒಳಗೆ ಕನ್ನಡಿ ಇರುವಂಥದು. ಹೊಸದಕ್ಕೆ ವಿಜಯಪುರದ ಅಂಗಡಿಯವರು ಲೆನ್ಸ್ ಸಮೇತ ಹೇಳಿದ ಬೆಲೆ 70 ಸಾವಿರ ದಾಟುತ್ತಿತ್ತು. ಹಳೆಯದು ಸಿಂದಗಿಯ ಸ್ಟುಡಿಯೊದವರೊಬ್ಬರು ಬಳಸಿ ಮಾರಲು ಇಟ್ಟದ್ದು. ಲೆನ್ಸ್, ಎರಡು ಬ್ಯಾಟರಿ, ಚಾರ್ಜರ್, ಚೀಲ ಎಲ್ಲ ಸೇರಿ 38 ಸಾವಿರ. ಅಪ್ಪನ ಬಳಿ ಇದ್ದದ್ದು 60 ಸಾವಿರ. ಅದೂ ಕ್ಯಾಮೆರಾಕ್ಕೆಂದು ತೆಗೆದಿಟ್ಟ ಹಣವಲ್ಲ, ಬೋರಿನ ಮೋಟಾರು ಬದಲಿಸಲೆಂದು ಇಟ್ಟದ್ದು.

ಅಪ್ಪ ನೋಟ್‌ಬುಕ್ಕನ್ನು ದೀಪದ ಕೆಳಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ನೋಡಿದ. ಪಿಕ್ಸೆಲ್, ಐಎಸ್ಒ, ಫ್ರೇಮು ಎಂಬ ಮಾತುಗಳ ಮೇಲೆ ಕಣ್ಣಾಡಿಸಿದ. ಆಮೇಲೆ ಕೇಳಿದ:

‘ಎರಡೂ ಫೋಟೊ ತಗೀತಾವಲ್ಲ?’

‘ತಗೀತಾವಪ್ಪಾ.’

‘ಮತ್ತ ಫರಕ್ ಏನೈತಿ ಯವ್ವಾ?’

ಮಗಳು ಬಾಯಿ ತೆರೆದಳು. ಆದರೆ ಅವಳ ಬಳಿ ಇದ್ದದ್ದೆಲ್ಲ ಗೆಳತಿಯರಿಂದ, ವಿಡಿಯೊಗಳಿಂದ ಕೇಳಿದ ಮಾತುಗಳು. ‘ಹೊಸದು ಫಾಸ್ಟ್ ಅದ, ಹಳೇದು ಇನ್ನ ಬಂದ್ ಆಗ್ತದಂತ’ ಎಂದಳು. ಅಪ್ಪನಿಗೆ ಇಷ್ಟು ಸಾಲಲಿಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡಿಗೆ ನೋಡಿ, ಸುಳಿ ಹುಡುಕಿ ಕೊಳ್ಳುವ ಮನುಷ್ಯ ‘ಫಾಸ್ಟ್ ಅದ’ ಎಂಬ ಒಂದು ಮಾತಿಗೆ ಮೋಟಾರಿನ ಹಣ ಬಿಚ್ಚುವುದುಂಟೆ? ‘ಸರಿಯಾಗಿ ತಿಳಕೊಂಡು ಬಾ, ಮುಂದ ನೋಡೂಣು’ ಎಂದು ನೋಟ್‌ಬುಕ್ಕನ್ನು ಮಡಚಿ ಕೊಟ್ಟ.

ಈ ಪ್ರಶ್ನೆ ಇವತ್ತು ಯಂಕಂಚಿಯ ಒಂದು ಮನೆಯದಷ್ಟೇ ಆಗಿ ಉಳಿದಿಲ್ಲ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಿಂದ ಪತ್ರಿಕೋದ್ಯಮ ಓದಲು ಹೋದ ಮಕ್ಕಳಿದ್ದಾರೆ. ಓದುತ್ತಲೇ ಮದುವೆ ಸೀಜನ್ನಿನಲ್ಲಿ ನಾಲ್ಕು ಕಾಸು ದುಡಿಯುವವರಿದ್ದಾರೆ. ಮಕ್ಕಳು ಬೇಡುವುದು ಏನೆಂದು ತಂದೆತಾಯಿಗೆ ತಿಳಿಯದು. ತಾವು ಬೇಡುತ್ತಿರುವುದು ಏತಕ್ಕೆಂದು ಎಷ್ಟೋ ಸಲ ಮಕ್ಕಳಿಗೂ ತಿಳಿದಿರುವುದಿಲ್ಲ.

ಹುಡುಗಿ ತಿಳಿದುಕೊಳ್ಳಲು ಕುಳಿತಳು. ಮೊದಲು ಕನ್ನಡಿಯಿಂದಲೇ ಆರಂಭಿಸಿದಳು.

ಎಸ್‌ಎಲ್‌ಆರ್ ಎಂದರೆ ಸಿಂಗಲ್ ಲೆನ್ಸ್ ರಿಫ್ಲೆಕ್ಸ್. ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಸಣ್ಣ ಕನ್ನಡಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಮೇಲಿರುವ ಗಾಜಿನ ಪಟ್ಟಕ ಅದನ್ನು ನೆಟ್ಟಗೆ ಮಾಡಿ ಕಣ್ಣಿಗೆ ಕಳಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಟಕ್ಕೆಂದು ಮೇಲೇಳುತ್ತದೆ, ಹಿಂದಿನ ಪರದೆ ತೆರೆಯುತ್ತದೆ, ಬೆಳಕು ಹೋಗಿ ಫಿಲ್ಮಿನ ಮೇಲೆ ಬೀಳುತ್ತದೆ. ಮದುವೆ ಮನೆಯಲ್ಲಿ ಕೇಳುವ ಆ ‘ಠಪ್’ ಸದ್ದಿನಲ್ಲಿ ಪರದೆಯ ಜೊತೆಗೆ ಈ ಕನ್ನಡಿಯ ಪಾಲೂ ದೊಡ್ಡದು. 1959ರಲ್ಲಿ ಬಂದ ನಿಕಾನ್ ಎಫ್ ಈ ಬಗೆಯ ಕ್ಯಾಮೆರಾವನ್ನು ವೃತ್ತಿಯವರ ಕೈಯಲ್ಲಿ ನೆಲೆಗೊಳಿಸಿತು. 1999ರಲ್ಲಿ ಅದೇ ಕಂಪನಿಯ ಡಿ-1 ಬಂದಾಗ ಫಿಲ್ಮಿನ ಜಾಗದಲ್ಲಿ ಸೆನ್ಸರ್ ಇತ್ತು. ಆದರೆ ಕನ್ನಡಿ ಹಾಗೆಯೇ ಉಳಿಯಿತು. ಫಿಲ್ಮು ಹೋದ ಮೇಲೂ ಕನ್ನಡಿ ಉಳಿದದ್ದೇ ಡಿಎಸ್‌ಎಲ್‌ಆರ್.

ಫಿಲ್ಮಿನ ಕಾಲದಲ್ಲಿ ಈ ಕನ್ನಡಿ ಅನಿವಾರ್ಯವಾಗಿತ್ತು. ಫಿಲ್ಮಿಗೆ ಮೊದಲೇ ಬೆಳಕು ತಗುಲಿದರೆ ಅದು ಕೆಟ್ಟಂತೆ. ಲೆನ್ಸ್ ಕಾಣುವುದನ್ನೇ ಕಣ್ಣಿಗೂ ತೋರಿಸಬೇಕಾದರೆ ನಡುವೆ ಕನ್ನಡಿ ಬೇಕೇ ಬೇಕು. ಸೆನ್ಸರಿಗೆ ಈ ಕಷ್ಟವಿಲ್ಲ. ಅದು ಎಷ್ಟು ಹೊತ್ತು ಬೇಕಾದರೂ ಬೆಳಕು ನೋಡುತ್ತ, ಕಂಡದ್ದನ್ನು ಒಂದು ಪುಟ್ಟ ತೆರೆಯ ಮೇಲೆ ತೋರಿಸಬಲ್ಲದು. ಹಾಗಿದ್ದ ಮೇಲೆ ಕನ್ನಡಿ ಏಕೆ ಎಂಬ ಪ್ರಶ್ನೆಗೆ ಪ್ಯಾನಸೋನಿಕ್ ಕಂಪನಿ 2008ರಲ್ಲಿ ಲೂಮಿಕ್ಸ್ ಜಿ-1 ತಂದು ಉತ್ತರ ಕೊಟ್ಟಿತು. 2013ರಲ್ಲಿ ಸೋನಿಯ ಎ-7 ಬಂತು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ತಮ್ಮ ಹೊಸ ಮಾಲಿಕೆಗಳನ್ನು ತೆರೆದವು.

ಕನ್ನಡಿ ತೆಗೆದ ಕೂಡಲೇ ಕ್ಯಾಮೆರಾ ತೆಳ್ಳಗಾಯಿತು. ನಿಕಾನಿನ ಹಳೆಯ ಮಾಲಿಕೆಯಲ್ಲಿ ಲೆನ್ಸ್ ಕೂರುವ ಬಾಯಿಗೂ ಸೆನ್ಸರಿಗೂ ನಡುವೆ 46.5 ಮಿಲಿಮೀಟರ್ ಅಂತರ. ಹೊಸ ಝಡ್ ಮಾಲಿಕೆಯಲ್ಲಿ ಅದು 16 ಮಿಲಿಮೀಟರ್. ತೂಕವೂ ಇಳಿಯಿತು. 2017ರ ಡಿ-7500 ಎಂಬ ಡಿಎಸ್‌ಎಲ್‌ಆರ್ ಲೆನ್ಸ್, ಬ್ಯಾಟರಿ ಬಿಟ್ಟು 640 ಗ್ರಾಂ ತೂಗಿದರೆ 2019ರ ಝಡ್-50 ಎಂಬ ಮಿರರ್‌ಲೆಸ್ 395 ಗ್ರಾಂ.

ಇಷ್ಟು ತಿಳಿದ ಮೇಲೆ ಹುಡುಗಿಗೆ ಕಂಡ ಒಂದು ಸಂಗತಿ ಅವಳನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ಮೇಲೆ ಹೇಳಿದ ಎರಡು ಕ್ಯಾಮೆರಾಗಳ ಸೆನ್ಸರಿನ ಅಳತೆ ಒಂದೇ: 23.5 ಮಿ.ಮೀ. ಅಗಲ, 15.7 ಮಿ.ಮೀ. ಎತ್ತರ. ಪಿಕ್ಸೆಲ್‌ಗಳ ಲೆಕ್ಕವೂ ಒಂದೇ, 2 ಕೋಟಿ 9 ಲಕ್ಷದಷ್ಟು. ಚಿತ್ರದ ಅಗಲದಲ್ಲಿ 5,568 ಚುಕ್ಕೆ, ಎತ್ತರದಲ್ಲಿ 3,712 ಚುಕ್ಕೆ. ಮದುವೆಯ ದೊಡ್ಡ ಆಲ್ಬಮ್ಮಿನ 12x18 ಇಂಚಿನ ಹಾಳೆಗೆ, ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿದರೂ 5,400 ಮತ್ತು 3,600 ಸಾಕು. ಅಂದರೆ ಕನ್ನಡಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಒಳ್ಳೆಯ ಬೆಳಕಿನಲ್ಲಿ ಅಂಥದೇ ಲೆನ್ಸ್ ಹಾಕಿ ತೆಗೆದರೆ ಆಲ್ಬಮ್ ನೋಡುವವರಿಗೆ ಯಾವುದು ಯಾವುದೆಂದು ಗೊತ್ತಾಗುವಂತಿಲ್ಲ. ‘ಎರಡೂ ಫೋಟೊ ತಗೀತಾವಲ್ಲ’ ಎಂಬ ಅಪ್ಪನ ಮಾತು ಅವಳು ಅಂದುಕೊಂಡಷ್ಟು ಹಳ್ಳಿಗಾಡಿನ ಮಾತಾಗಿರಲಿಲ್ಲ.

ಹಾಗಾದರೆ ‘ಹಳೆಯದು ಬಂದ್ ಆಗ್ತದ’ ಎಂಬ ಭಯ? ಅದರಲ್ಲಿ ಸುಳ್ಳಿಲ್ಲ. 2020ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರು ಪೇಟೆಗೆ ಕಳಿಸಿದ ಕ್ಯಾಮೆರಾಗಳಲ್ಲಿ ಮೊದಲ ಬಾರಿಗೆ ಮಿರರ್‌ಲೆಸ್ ಸಂಖ್ಯೆ ಡಿಎಸ್‌ಎಲ್‌ಆರ್ ಸಂಖ್ಯೆಯನ್ನು ದಾಟಿತು. ಅದೇ ವರ್ಷ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ಛಾಯಾಗ್ರಾಹಕರಿಗೆ ಸೋನಿಯ ಮಿರರ್‌ಲೆಸ್ ಕೊಡುವುದಾಗಿ ಪ್ರಕಟಿಸಿತು. 2020ರಲ್ಲಿ ಬಂದ ತನ್ನ ದೊಡ್ಡ ಡಿಎಸ್‌ಎಲ್‌ಆರ್ ಆ ಸಾಲಿನ ಕೊನೆಯದೆಂದು ಕ್ಯಾನನ್ ಕಂಪನಿಯ ಮುಖ್ಯಸ್ಥರು 2021ರಲ್ಲಿ ಹೇಳಿದರು. ದಾರಿ ಯಾವ ಕಡೆ ತಿರುಗಿದೆ ಎಂಬುದರಲ್ಲಿ ಅನುಮಾನವಿಲ್ಲ.

ಇದನ್ನು ಕೇಳಿದ ಅಪ್ಪ ತನ್ನ ಎಡಗೈ ಎತ್ತಿ ತೋರಿಸಿದ. ಅಲ್ಲಿ ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಎಚ್‌ಎಂಟಿ ವಾಚಿತ್ತು. ಆ ವಾಚಿನ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ‘ಕಂಪನಿ ಮುಚ್ಚಿದ್ರೂ ಇದು ನಿಂತಿಲ್ಲ ನೋಡು’ ಎಂದ. ಮಗಳು ನಕ್ಕಳು. ಆದರೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ಅವ್ವ ಬಿಡಲಿಲ್ಲ: ‘ಹೋದ್ ವರ್ಷ ನಿಂತಾಗ ರಿಪೇರಿ ಮಾಡಾವ್ರನ್ನ ಹುಡುಕಾಕ ಮೂರ್ ಊರು ತಿರುಗಿದ್ದು ಹೇಳ್ರಿ.’

ಇಬ್ಬರ ಮಾತೂ ನಿಜ. ಹೊಸ ಮಾದರಿ ಬರುವುದು ನಿಂತರೆ ಮನೆಯಲ್ಲಿರುವ ಕ್ಯಾಮೆರಾ ಕೆಲಸ ನಿಲ್ಲಿಸುವುದಿಲ್ಲ. ಆದರೆ ವರ್ಷ ಕಳೆದಂತೆ ಬಿಡಿಭಾಗ ಸಿಗುವುದು ಕಷ್ಟವಾಗುತ್ತದೆ, ಮಾರಲು ಹೋದರೆ ಬೆಲೆ ಇಳಿದಿರುತ್ತದೆ. ಹಳೆಯದನ್ನು ಕೊಳ್ಳುವವರು ಐದಾರು ವರ್ಷದ ದುಡಿಮೆಗೆಂದು ಕೊಳ್ಳಬೇಕೇ ವಿನಾ ಮೊಮ್ಮಕ್ಕಳಿಗೆ ಬಿಟ್ಟು ಹೋಗಲೆಂದು ಅಲ್ಲ.

ಮರುದಿನ ತಂದೆ ಮಗಳು ಸಿಂದಗಿಯ ಬಸ್ಸು ಹಿಡಿದರು. ಸ್ಟುಡಿಯೊದವರು ಹಳೆಯ ಪರಿಚಯದವರೇ. ಈಗ ಮಾರಲು ಇಟ್ಟ ಡಿಎಸ್‌ಎಲ್‌ಆರ್ ಒಂದು ಕಡೆ, ತಾವು ಬಳಸುವ ಹೊಸ ಮಿರರ್‌ಲೆಸ್ ಇನ್ನೊಂದು ಕಡೆ, ಎರಡನ್ನೂ ಮೇಜಿನ ಮೇಲೆ ಇಟ್ಟರು.

‘ನೀವ್ಯಾಕ ಇದನ್ನ ಮಾರಾಕ ಹತ್ತೀರಿ ಕಾಕಾ?’ ಎಂದು ಹುಡುಗಿ ನೇರವಾಗಿ ಕೇಳಿದಳು.

‘ಖರೇ ಹೇಳ್ತೀನಿ ತಂಗೀ. ಈಗ ಮದುವಿಯವ್ರು ಫೋಟೊಕ್ಕಿಂತ ಮೊದ್ಲ ವಿಡಿಯೊ ಕೇಳ್ತಾರ. ವಿಡಿಯೊ ತಗಿಯೂ ಮುಂದ ಮನಷ್ಯಾ ನಡಕೋತ ಬಂದ್ರ ಈ ಹಳೇದು ಫೋಕಸ್ ಹುಡುಕ್ಯಾಡ್ತದ. ಹೊಸಾದು ಕಣ್ಣಿಗಿ ಗಂಟ ಬಿದ್ದಂಗ ಬೆನ್ನ ಹತ್ತತದ. ಬರೇ ಫೋಟೊ ಆಗಿದ್ರ ನಾ ಇದನ್ನ ಕೊಡ್ತಿದ್ದಿಲ್ಲ.’

ಅವರ ಮಾತಿಗೆ ಕಾರಣವಿದೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಹಿಡಿಯುವ ಚುರುಕಾದ ಸಾಧನ ಇರುವುದು ಕನ್ನಡಿಯ ಕೆಳಗೆ. ವಿಡಿಯೊ ತೆಗೆಯುವಾಗ ಕನ್ನಡಿ ಮೇಲೆದ್ದೇ ಇರುವುದರಿಂದ ಆ ಸಾಧನಕ್ಕೆ ಬೆಳಕು ಸಿಗುವುದಿಲ್ಲ. ಡಿ-7500ನಂಥ ಕ್ಯಾಮೆರಾಗಳು ನಿಧಾನದ ಬೇರೊಂದು ವಿಧಾನವನ್ನು ನೆಚ್ಚಬೇಕಾಗುತ್ತದೆ. ಮಿರರ್‌ಲೆಸ್‌ನಲ್ಲಿ ಸೆನ್ಸರೇ ಫೋಕಸನ್ನೂ ನೋಡಿಕೊಳ್ಳುತ್ತದೆ. ಮುಖ ಎಲ್ಲಿದೆ, ಕಣ್ಣು ಎಲ್ಲಿದೆ ಎಂದು ಗುರುತಿಸಿ ಅಲ್ಲಿಯೇ ನಿಲ್ಲುತ್ತದೆ. ಬೇಕಾದರೆ ಸದ್ದಿಲ್ಲದೆಯೂ ಫೋಟೊ ತೆಗೆಯುತ್ತದೆ.

ಸ್ಟುಡಿಯೊದವರು ಹೊಸದರ ದೋಷಗಳನ್ನೂ ಮುಚ್ಚಿಡಲಿಲ್ಲ. ಒಳಗಿನ ತೆರೆ ಸದಾ ಉರಿಯುತ್ತಿರುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ. ತಯಾರಕರ ಒಂದೇ ಅಳತೆಗೋಲಿನ ಪ್ರಕಾರ ಡಿ-7500 ಒಂದು ಚಾರ್ಜಿಗೆ 950 ಚಿತ್ರ ತೆಗೆದರೆ ಝಡ್-50 ತೆಗೆಯುವುದು 300ರ ಆಸುಪಾಸು. ಕನ್ನಡಿಯ ಅಡ್ಡಿ ಇಲ್ಲದ್ದರಿಂದ ಎಷ್ಟೋ ಮಾದರಿಗಳಲ್ಲಿ ಲೆನ್ಸ್ ಬದಲಿಸುವಾಗ ಧೂಳು ನೇರವಾಗಿ ಸೆನ್ಸರಿನ ಮೇಲೆ ಕೂರುತ್ತದೆ. ರಾಶಿಯ ದಿನಗಳಲ್ಲಿ ನಮ್ಮ ಎರೆಭೂಮಿಯ ಗಾಳಿ ಹೇಗಿರುತ್ತದೆಂದು ಯಾರಿಗೂ ಹೇಳಬೇಕಾಗಿಲ್ಲ.

ಹೊರಡುವ ಮೊದಲು ಅವರು ಎರಡೂ ಕ್ಯಾಮೆರಾಗಳನ್ನು ಅಪ್ಪನ ಕಣ್ಣಿಗೆ ಹಿಡಿಸಿದರು. ಸ್ಟುಡಿಯೊದ ಒಳಕೋಣೆಯಲ್ಲಿ ದೀಪ ಆರಿಸಿತ್ತು. ಡಿಎಸ್‌ಎಲ್‌ಆರ್‌ನಲ್ಲಿ ಕಣ್ಣಿಟ್ಟ ಅಪ್ಪ, ‘ಇದ್ರಾಗ ಖೋಲಿ ಹೆಂಗೈತಿ ಹಂಗ ಕಾಣ್ತದ, ಕತ್ತಲಿ’ ಎಂದ. ಮಿರರ್‌ಲೆಸ್‌ನಲ್ಲಿ ನೋಡಿ, ‘ಇದ್ರಾಗ ಬೆಳಕ ಜಾಸ್ತಿ ಆತಲ್ಲ! ದೀಪ ಹಚ್ಚೀರೇನು?’ ಎಂದು ಹೊರಗೆ ಇಣುಕಿದ. ಯಾರೂ ದೀಪ ಹಚ್ಚಿರಲಿಲ್ಲ. ಹಳೆಯದು ಎದುರಿಗೆ ಇರುವುದನ್ನು ತೋರಿಸುತ್ತದೆ. ಹೊಸದು ಚಿತ್ರ ಹೇಗೆ ಬರಲಿದೆ ಎಂಬುದನ್ನು ಮೊದಲೇ ತೋರಿಸುತ್ತದೆ. ಎರಡರ ನಡುವಿನ ‘ಫರಕ್’ ಅಪ್ಪನಿಗೆ ತಿಳಿದದ್ದು ಆಗ.

‘ಹಂಗಾದ್ರ ಹೊಸಾದ್ರಾಗ ತಪ್ಪು ಆಗೂದ ಇಲ್ಲೇನ್ರಿ?’

‘ಕಡಿಮಿ ಆಗ್ತಾವ್ರಿ. ಹಳೇದ್ರಾಗ ಮೊದ್ಲ ಭಾಳ ತಪ್ಪು ಆಗ್ತಾವ. ತಪ್ಪು ಮಾಡಿ ಮಾಡಿ ಕೈಗಿ ಬರ್ತದ.’

ಸ್ಟುಡಿಯೊದವರು ಡಿಎಸ್‌ಎಲ್‌ಆರನ್ನು ಚೀಲದಲ್ಲಿಟ್ಟು ಹುಡುಗಿಯ ಕೈಗೆ ಕೊಟ್ಟರು. ‘ನಿಮ್ಮ ಮಾವನ ಮನ್ಯಾಗ ಮದುವಿ ಅದ ಅಂದ್ಯಲ್ಲ. ಒಯ್ದು ತಗದು ನೋಡು. ಬ್ಯಾಡಾದ್ರ ತಂದು ಕೊಡು.’

ಮದುವೆ ಬಸವನ ಬಾಗೇವಾಡಿ ಕಡೆಯ ಹಳ್ಳಿಯಲ್ಲಿ. ಸೋದರಮಾವನ ಮಗಳದು. ಹಾಸ್ಟೆಲಿನ ಗೆಳತಿಯೊಬ್ಬಳು ತನ್ನ ಮಿರರ್‌ಲೆಸ್ ತೆಗೆದುಕೊಂಡು ಬಂದಿದ್ದಳು. ಹೆಣ್ಣುಮಕ್ಕಳಿಬ್ಬರು ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡು ಹಂದರದಲ್ಲಿ ಓಡಾಡುವುದನ್ನು ಕಂಡ ಹಿರಿಯರೊಬ್ಬರು ಅಪ್ಪನಿಗೆ ಕೇಳಿಸುವಂತೆಯೇ, ‘ಹುಡುಗೀಗಿ ಈ ಉದ್ಯೋಗ ಯಾಕ ಬೇಕಿತ್ತು?’ ಎಂದರು. ಅಪ್ಪ ತಲೆ ತಗ್ಗಿಸಿ ಸುಮ್ಮನಾದ.

ಉತ್ತರ ಸಿಕ್ಕಿದ್ದು ಒಳಗಿನಿಂದ. ಅರಿಶಿನ ಹಚ್ಚಿ ಸುರಗಿ ನೀರು ಹಾಕುವ ಹೊತ್ತಿಗೆ ಗಂಡಸರ ಗುಂಪೊಂದು ಕ್ಯಾಮೆರಾ, ಲೈಟು ಹಿಡಿದು ನುಗ್ಗುವುದು ಮದುಮಗಳಿಗೆ ಮುಜುಗರ. ಅತ್ತೆಯಂದಿರೇ, ‘ನಮ್ಮ ಹುಡುಗಿ ಇದ್ದಾಳ, ಅಕಿನ ತಗೀಲಿ, ನೀವು ಹೊರಗ ಇರ್ರಿ’ ಎಂದು ಬಾಗಿಲು ಮುಂದೆ ಮಾಡಿದರು. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ (1913–2012) ಭಾರದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹೊತ್ತು ದೆಹಲಿಯಲ್ಲಿ ಗಂಡಸರ ನಡುವೆ ಒಬ್ಬಳೇ ನಿಂತಿದ್ದಳೆಂದು ಹುಡುಗಿ ತರಗತಿಯಲ್ಲಿ ಓದಿದ್ದಳು. ಇಲ್ಲಿ ಗಂಡಸರು ಬರಲಾಗದ ಕೋಣೆಯಲ್ಲಿ ಅವಳು ನಿಂತಿದ್ದಳು. ಅವಳ ಉದ್ಯೋಗ ಇರುವುದು ಇಲ್ಲಿಯೇ ಎಂದು ಅವಳಿಗೂ, ಹೊರಗೆ ಕಟ್ಟೆಯ ಮೇಲೆ ಕುಳಿತ ಅಪ್ಪನಿಗೂ ಒಂದೇ ಹೊತ್ತಿಗೆ ಹೊಳೆದಿರಬೇಕು.

ಆದರೆ ಕೋಣೆಯಲ್ಲಿ ಬೆಳಕಿರಲಿಲ್ಲ. ಸಣ್ಣ ಕಿಟಕಿ, ಒಂದು ಬಲ್ಬು, ಕರೆಂಟು ಬಂದು ಹೋಗುತ್ತಿತ್ತು. ಗೆಳತಿಯ ಮಿರರ್‌ಲೆಸ್ ಮುಖಗಳನ್ನು ಹಿಡಿದುಕೊಂಡಿತು, ಆದರೆ ನೀರು ಹಾಕುವ ಕೈಗಳು ಅಲುಗಿ ಮಸುಕಾದವು. ಡಿಎಸ್‌ಎಲ್‌ಆರ್‌ನಲ್ಲಿ ಕೈಗಳೂ ಮಸುಕು, ಎರಡು ಮೂರು ಕಡೆ ಫೋಕಸು ಮದುಮಗಳನ್ನು ಬಿಟ್ಟು ಹಿಂದಿನ ಹಂಡೆಯ ಮೇಲೆ ಕುಳಿತಿತ್ತು. ಮಧ್ಯಾಹ್ನ ಅಕ್ಕಿಕಾಳಿನ ಹೊತ್ತಿಗೆ ಗೆಳತಿಯ ಬ್ಯಾಟರಿ ಮುಗಿದು, ಚಾರ್ಜಿಗೆ ಹಾಕೋಣವೆಂದರೆ ಕರೆಂಟಿಲ್ಲ. ಹಳೆಯದು ಮದುಮಗಳನ್ನು ಬೀಳ್ಕೊಡುವವರೆಗೂ ನಡೆಯಿತು. ವಿಡಿಯೊ ಮಾತ್ರ ಗೆಳತಿಯದೇ ಚೆಂದ. ಹಳೆಯದರಲ್ಲಿ ತೆಗೆದ ಮೆರವಣಿಗೆಯ ವಿಡಿಯೊ ಅರ್ಧ ಹೊತ್ತು ಮಂಜಿನಲ್ಲಿ ನಡೆದಂತಿತ್ತು.

ವಾರದ ನಂತರ ಎರಡೂ ಕ್ಯಾಮೆರಾಗಳ ಚಿತ್ರಗಳನ್ನು ಕಲಸಿ, ಸಣ್ಣ ಅಳತೆಯಲ್ಲಿ ಅಚ್ಚು ಹಾಕಿಸಿ ಅವ್ವನ ಮುಂದೆ ಹರಡಿದಳು. ‘ಚಲೋ ಅನಿಸಿದ್ದು ಆರಿಸವ್ವಾ’ ಎಂದಳು. ಅವ್ವ ಮೂವತ್ತು ಆರಿಸಿದಳು. ಹದಿನಾರು ಹೊಸದರವು, ಹದಿನಾಲ್ಕು ಹಳೆಯದರವು. ಇದರಿಂದ ಏನೂ ಇತ್ಯರ್ಥವಾಗಲಿಲ್ಲ. ಆದರೆ ಬದಿಗಿಟ್ಟ ಚಿತ್ರಗಳನ್ನು ನೋಡುತ್ತ ಹುಡುಗಿಗೆ ಒಂದು ಮಾತು ಹೊಳೆಯಿತು. ಎರಡೂ ಕ್ಯಾಮೆರಾಗಳು ಸೋತದ್ದು ಒಂದೇ ಕೋಣೆಯಲ್ಲಿ, ಒಂದೇ ಕಾರಣಕ್ಕೆ. ಬೆಳಕು ಸಾಲಲಿಲ್ಲ. ಎರಡಕ್ಕೂ ಹಾಕಿದ್ದು ಕ್ಯಾಮೆರಾದ ಜೊತೆಗೇ ಬರುವ ಸಾದಾ ಜೂಮ್ ಲೆನ್ಸ್.

ಇಲ್ಲಿಂದ ಲೆಕ್ಕ ಬೇರೆಯಾಯಿತು. ಲೆನ್ಸಿನ ಬಾಯಿ ಎಷ್ಟು ಅಗಲ ತೆರೆಯುತ್ತದೆಂಬುದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಸಾದಾ ಜೂಮ್ ಲೆನ್ಸು ಉದ್ದ ಎಳೆದಾಗ ಎಫ್ 5.6ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಜೂಮ್ ಇಲ್ಲದ 35 ಅಥವಾ 50 ಮಿ.ಮೀ.ನ ಎಫ್ 1.8 ಲೆನ್ಸು ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹತ್ತು ಪಟ್ಟು ಬೆಳಕೆಂದರೆ, ಸೆಕೆಂಡಿನ ಹದಿನೈದನೆಯ ಒಂದು ಭಾಗ ತೆರೆದಿರಬೇಕಾಗಿದ್ದ ಪರದೆ ನೂರೈವತ್ತನೆಯ ಒಂದು ಭಾಗ ತೆರೆದರೆ ಸಾಕು. ಆಗ ನೀರು ಹಾಕುವ ಕೈ ಮಸುಕಾಗುವುದು ಎಷ್ಟೋ ಕಡಿಮೆ. ಕನ್ನಡಿ ತೆಗೆದರೂ ಇಟ್ಟರೂ ಈ ಲಾಭ ಸಿಗದು. ಅದು ಲೆನ್ಸಿನಿಂದಲೇ ಬರಬೇಕು.

ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆರೆಯಿತು. ಎಡಗಡೆ: ಹೊಸ ಕ್ಯಾಮೆರಾ, ಸಾದಾ ಲೆನ್ಸ್, ಮೇಲೆ 10 ಸಾವಿರಕ್ಕೂ ಹೆಚ್ಚು ಸಾಲ, ಇನ್ನೊಂದು ಬ್ಯಾಟರಿಗೆ, ಅಗಲ ಬಾಯಿಯ ಲೆನ್ಸಿಗೆ ಮತ್ತೆ ಮುಂದಿನ ತೊಗರಿ ಕಾಯಬೇಕು. ಬಲಗಡೆ: ಹಳೆಯ ಕ್ಯಾಮೆರಾ, ಎರಡು ಬ್ಯಾಟರಿ, ಜೂಮ್ ಲೆನ್ಸ್, ಉಳಿದ 22 ಸಾವಿರದಲ್ಲಿ ಒಂದು ಎಫ್ 1.8 ಲೆನ್ಸ್, ಎರಡು ಮೆಮೊರಿ ಕಾರ್ಡು, ಚಿತ್ರ ಕಾದಿಡಲು ಒಂದು ಹಾರ್ಡ್ ಡಿಸ್ಕು, ಮಿಕ್ಕದ್ದು ಮೋಟಾರಿಗೆ.

ಮುಂದೊಂದು ದಿನ ಮಿರರ್‌ಲೆಸ್‌ಗೆ ಹೋದರೆ ಹಳೆಯ ಲೆನ್ಸುಗಳು ವ್ಯರ್ಥವೇ? ಅದನ್ನೂ ಅವಳು ವಿಚಾರಿಸಿದಳು. ಎರಡೂ ಮಾಲಿಕೆಗಳನ್ನು ಬೆಸೆಯುವ ಅಡಾಪ್ಟರ್ ಇದೆ. ಆದರೆ ನಿಕಾನಿನ ಲೆನ್ಸುಗಳಲ್ಲಿ ‘ಎಎಫ್-ಎಸ್’ನಂಥ, ಒಳಗೇ ಮೋಟಾರಿರುವ ಲೆನ್ಸುಗಳು ಅಡಾಪ್ಟರಿನ ಮೇಲೆ ತಾವಾಗಿ ಫೋಕಸ್ ಮಾಡುತ್ತವೆ. ‘ಎಎಫ್-ಡಿ’ ಎಂಬ ಹಳೆಯ ಬಗೆಯವನ್ನು ಅದೇ ಕಂಪನಿಯ ಎಫ್‌ಟಿಝಡ್ ಅಡಾಪ್ಟರಿಗೆ ಹಾಕಿದರೆ ಕೈಯಿಂದಲೇ ತಿರುಗಿಸಬೇಕು. ಅಗ್ಗಕ್ಕೆ ಸಿಕ್ಕಿತೆಂದು ಲೆನ್ಸ್ ಕೊಳ್ಳುವ ವಿದ್ಯಾರ್ಥಿಗಳು ಈ ಎರಡು ಅಕ್ಷರ ನೋಡಿ ಕೊಳ್ಳುವುದು ಒಳ್ಳೆಯದು.

ಬಳಸಿದ ಕ್ಯಾಮೆರಾ ಕೊಳ್ಳುವಾಗ ನೋಡಬೇಕಾದದ್ದು ಇನ್ನೂ ಕೆಲವು ಉಂಟು. ಅಪ್ಪ ಎತ್ತಿನ ಹಲ್ಲು ನೋಡುವಂತೆ ಮಗಳು ಕ್ಯಾಮೆರಾದ ಷಟರ್ ಎಷ್ಟು ಸಲ ತೆರೆದಿದೆ ಎಂದು ನೋಡಿದಳು. ಚಿತ್ರದ ಕಡತದೊಳಗೆ ಆ ಲೆಕ್ಕ ಬರೆದಿರುತ್ತದೆ. ಡಿ-7500ರ ಷಟರನ್ನು ಒಂದೂವರೆ ಲಕ್ಷ ಸಲ ನಡೆಸಿ ಪರೀಕ್ಷಿಸಿರುತ್ತಾರೆ. ಅದರ ಅರ್ಧ ಮುಗಿದಿಲ್ಲವಾದರೆ ಧೈರ್ಯವಾಗಿ ಕೊಳ್ಳಬಹುದು. ಲೆನ್ಸಿನ ಒಂದು ಬದಿಯಿಂದ ಬ್ಯಾಟರಿ ದೀಪ ಹಾಕಿ ಇನ್ನೊಂದು ಬದಿಯಿಂದ ನೋಡಿದರೆ ಒಳಗಿನ ಬೂಷ್ಟು ಜೇಡರ ಬಲೆಯಂತೆ ಕಾಣುತ್ತದೆ, ಅಂಥದು ಬೇಡ. ಎಫ್ 16 ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ತೋರುತ್ತದೆ. ಬಿಲ್ಲು ಇರಬೇಕು, ಫ್ಲಾಷ್ ಕೂರಿಸಿ ನೋಡಬೇಕು, ಪ್ರತಿ ಗುಂಡಿಯನ್ನೂ ಒತ್ತಿ ನೋಡಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಹಳೆಯದೇ ಎಲ್ಲರಿಗೂ ಸರಿ ಎಂದಲ್ಲ. ಆ ಗೆಳತಿ ಓದು ಮುಗಿಸಿ ಟಿ.ವಿ. ಸುದ್ದಿಗೆ ಹೋಗುವವಳು, ಅವಳಿಗೆ ವಿಡಿಯೊ ಮುಖ್ಯ. ಅಂಥವರು ಡಿಎಸ್‌ಎಲ್‌ಆರ್ ಕೊಂಡರೆ ಆರು ತಿಂಗಳಲ್ಲಿ ಮರುಗುತ್ತಾರೆ. ಅವರಿಗೆ ಮಿರರ್‌ಲೆಸ್ಸೇ ಸರಿ, ಅಗತ್ಯ ಬಿದ್ದರೆ ಬಳಸಿದ್ದಾದರೂ ಸರಿ. ಮುಖ್ಯವಾಗಿ ಫೋಟೊ ತೆಗೆಯುವವರು, ಕೈಯಲ್ಲಿ ಹಣ ಬಿಗಿ ಇರುವವರು, ಕ್ಯಾಮೆರಾದ ವರ್ಷ ನೋಡುವ ಮೊದಲು ತಮ್ಮ ಚಿತ್ರ ಎಲ್ಲಿ ಕೆಡುತ್ತಿದೆ ಎಂದು ನೋಡಿಕೊಳ್ಳಬೇಕು. ಹಣ ಹೋಗಬೇಕಾದದ್ದು ಅಲ್ಲಿಗೆ.

ರಜೆ ಮುಗಿದು ವಿಜಯಪುರಕ್ಕೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ಗೋಳಗುಮ್ಮಟ ಕಂಡಿತು. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ಮುಂಬಯಿ ಸರ್ಕಾರದ ಪರವಾಗಿ ಈ ಊರಿನ ಕಟ್ಟಡಗಳ ಚಿತ್ರ ತೆಗೆದಿದ್ದ. ಅವನ ಕೆಲವು ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಅಚ್ಚಾದವು. ಅಂದಿನ ಪೆಟ್ಟಿಗೆಯಂಥ ಕ್ಯಾಮೆರಾ ಎದುರು ಇಂದಿನ ಯಾವ ಡಿಎಸ್‌ಎಲ್‌ಆರೂ ಹಳೆಯದಲ್ಲ. ಇತಿಹಾಸ ಓದುವವರು ಇವತ್ತಿಗೂ ನೋಡುವುದು ಆ ಚಿತ್ರಗಳಲ್ಲಿ ಗುಮ್ಮಟ ಅಂದು ಹೇಗಿತ್ತು ಎಂಬುದನ್ನೇ.

ಹುಡುಗಿ ಹಳೆಯದನ್ನೇ ಕೊಂಡಳು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅವಳೇ ಒಂದು ಕರಾರು ಬರೆದು ಅಪ್ಪನ ಕೈಗೆ ಕೊಟ್ಟಿದ್ದಳು: ಮೊದಲ ನಾಲ್ಕು ಮದುವೆಗಳ ದುಡಿಮೆಯಿಂದ 20 ಸಾವಿರ ಮೋಟಾರಿಗೆ ವಾಪಸು. ಅದರಲ್ಲಿ ಎರಡು ಮುಗಿದಿವೆ. ಮೂರನೆಯದು ಕೈತಪ್ಪಿತು, ಅವರು ವಿಡಿಯೊ ಕೇಳಿದರು, ಅವಳು ‘ನನ್ನ ಕ್ಯಾಮೆರಾದಾಗ ಅದು ಚಲೋ ಬರೂದಿಲ್ರಿ’ ಎಂದು ಇದ್ದದ್ದನ್ನು ಹೇಳಿದಳು. ಆ ರಾತ್ರಿ ಅವಳಿಗೆ ನಿದ್ದೆ ಬಂದಿರಲಿಕ್ಕಿಲ್ಲ. ಅಪ್ಪನೂ ಈ ವರ್ಷ ಹಳೆಯ ಮೋಟಾರಿನ ವೈಂಡಿಂಗ್ ಮಾಡಿಸಿ ದಿನ ದೂಡುತ್ತಿದ್ದಾನೆ. ಆರಿಸಿಕೊಂಡ ಮೇಲೆ ಬಿಟ್ಟದ್ದರ ಬೆಲೆಯನ್ನೂ ತೆರಬೇಕಾಗುತ್ತದೆ. ಅದು ಇಬ್ಬರಿಗೂ ಗೊತ್ತಿದೆ.

ಕ್ಯಾಮೆರಾ ಮನೆಗೆ ಬಂದ ದಿನ ಸಂಜೆ ಅವಳು ಮೊದಲು ನಿಲ್ಲಿಸಿದ್ದು ಅಪ್ಪನನ್ನು, ಹೊಲದ ಬದುವಿನ ಮೇಲೆ, ಮುಳುಗುವ ಸೂರ್ಯನಿಗೆ ಬೆನ್ನು ಮಾಡಿ. ಕಣ್ಣಿಟ್ಟು ನೋಡಿದರೆ ಅಪ್ಪನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಒತ್ತಿದಳು. ಹಿಂದಿನ ತೆರೆಯ ಮೇಲೆ ಬಂದದ್ದು ಕಪ್ಪು ಆಕೃತಿ. ಮುಖವೇ ಇಲ್ಲ. ಸಂಖ್ಯೆ ಬದಲಿಸಿ ಮತ್ತೆ ಒತ್ತಿದಳು. ಈಗ ಮುಖ ಬಂತು, ಆಕಾಶ ಬೆಳ್ಳಗಾಗಿ ಹೋಯಿತು.

‘ಆತೇನು ಯವ್ವಾ?’

‘ಇನ್ನೊಂದು ಅಪ್ಪಾ, ಅಲ್ಲೇ ನಿಂದ್ರು.’

ಅಪ್ಪ ರುಮಾಲು ಸರಿಮಾಡಿಕೊಂಡು ಅಲ್ಲಿಯೇ ನಿಂತ.